ದೋಣಿಗೆ ಕಾಲು ಬಂದದ್ದು

ಒಂದು ಭಾನುವಾರ ಸಂಜೆ ದೋಣಿ ಕಟ್ಟೆಗೆ ತರುವಾಗ ಕರ್ರ್... ಅಂತ ಒಂದು ಸದ್ದು ಬಂತು, ಕೇಳಿದ್ರೆ ಹಲ್ಲೆಲ್ಲ ಜುಮ್ ಅನ್ನುವಂಥದ್ದು. 14 ಅಡಿಯ ಹಾಯಿದೋಣಿ, ಬಿಳಿ ಫೈಬರ್, ನಾನೂ ಭಾವನೂ ಅರ್ಧರ್ಧ ದುಡ್ಡು ಹಾಕಿ ತಗೊಂಡದ್ದು. ಅಕ್ಕನ ಗಂಡ ಅಂತ ನಾನು ಅವರನ್ನು ಭಾವ ಅಂತೇನೆ, ಅವರೂ ನನ್ನನ್ನು ಭಾವ ಅಂತಾರೆ, ಹಾಗಾಗಿ ತಪ್ಪು ಯಾರದ್ದು ಅಂತ ಹೊರಗಿನವರಿಗೆ ಗೊತ್ತಾಗುದೇ ಇಲ್ಲ. ದೋಣಿ ನಿಲ್ಲೋದು ಉಡುಪಿ ಹತ್ತಿರ ಕೋಡಿ ಬೆಂಗ್ರೆ ಕಡೆ, ಸ್ವರ್ಣಾ, ಸೀತಾ ಎರಡೂ ಸಮುದ್ರ ಸೇರುವ ಅಳಿವೆಯಿಂದ ಸ್ವಲ್ಪ ಒಳಗೆ. ಅಲ್ಲಿ ಮುರಕಲ್ಲಿನ ಹಳೇ ಕಟ್ಟೆ, ಕಲ್ಲಿಗೆಲ್ಲ ಚಿಪ್ಪು ಅಂಟಿ ಬ್ಲೇಡ್ ಥರ ಆಗಿದೆ. ಮೊಳದುದ್ದ ಗೀರು ಬಿತ್ತು. ದೋಣಿ ಕಲ್ಲಿಗೆ ಉಜ್ಜದ ಹಾಗೆ ಬದಿಗೆ ಇಳಿಬಿಡುವ ಮೆತ್ತೆ ಉಂಟಲ್ಲ, ಫೆಂಡರ್ ಅಂತ, ಅದು ಒಳಗೇ ಇತ್ತು.

"ಫೆಂಡರ್ ಹೊರಗೆ ಹಾಕ್ಲಿಲ್ವಾ ಭಾವ?"

"ಹೊರಟ ಕೂಡ್ಲೇ ಒಳಗೆ ಎಳ್ಕೊಳ್ಳಿ ಅಂದವರು ನೀವೇ ಅಲ್ವಾ?"

ಫೆಂಡರ್ ನೇತಾಡಿಸ್ಕೊಂಡು ಹಾಯಿ ಬಿಡೋದು ಮರ್ಯಾದೆಗೇಡು, ಸೈಡ್ ಸ್ಟ್ಯಾಂಡ್ ತೆಗೀದೆ ಸ್ಕೂಟರ್ ಬಿಟ್ಟ ಹಾಗೆ ಅಂತ ಭಾವ ಎಲ್ಲೋ ವಿಡಿಯೋದಲ್ಲಿ ನೋಡಿದ್ದಾರೆ. ಸರಿ, ಒಳಗೆ ಎಳ್ಕೊಳ್ಳುವ, ಆದ್ರೆ ವಾಪಸ್ ಹಾಕ್ಲಿಕ್ಕೆ ನೆನಪು ಮಾಡುವ ವಿಡಿಯೋ ಯಾರೂ ಮಾಡಿಲ್ಲ. ಅದಕ್ಕಿಂತ ಮಂಡೆಬಿಸಿ ಕಟ್ಟೆ ಮೇಲೆ ನಿಂತು "ಕಾಲು ಕೊಡಿ, ಕಾಲು ಕೊಡಿ" ಅಂತ ಬೊಬ್ಬೆ ಹಾಕುವವರದ್ದು. ಇಂಥವರು ಎಲ್ಲಿಂದ ಬರ್ತಾರೋ, ಪ್ರತಿ ಸಲ ಒಬ್ಬ ಇದ್ದೇ ಇರ್ತಾನೆ. ಫೈಬರಿಗೆ ಪೆಟ್ಟಾದ್ರೆ ರೆಸಿನ್ ಹಚ್ಚಿ ಸರಿ ಮಾಡ್ಬಹುದು ಮಾರಾಯ್ರೆ, ದೋಣಿಗೂ ಕಲ್ಲಿಗೂ ನಡುವೆ ಸಿಕ್ಕಿದ ಮೊಣಕಾಲಿಗೆ ಎಂತ ಹಚ್ಚುದು?

ಫೆಂಡರ್ ತರಿಸಿದ್ದೂ ಒಂದು ಕಥೆಯೇ. ದೋಣಿಯ 5 ಅಡಿ ಉದ್ದಕ್ಕೆ 1 ಇಂಚು ದಪ್ಪ ಅಂತ ಲೆಕ್ಕ ಉಂಟಂತೆ, ನಮ್ಮದಕ್ಕೆ 3 ಇಂಚು ಸಾಕು ಅಂತ ಭಾವ ಆನ್‌ಲೈನಲ್ಲಿ ತರಿಸಿದ್ರು, ಡಬ್ಬ ಬಿಚ್ಚಿದ್ರೆ ಮುಳ್ಳುಸೌತೆ ಗಾತ್ರದ ಎರಡು. ಲೆಕ್ಕ ಸರಿಯೇ ಇರ್ಬಹುದು, ಅದನ್ನು ಮಾಡಿದವರು ನಮ್ಮ ಕಟ್ಟೆ ನೋಡಿಲ್ಲ. ಹಾಗಾದ್ರೆ ಟೈರ್ ಹಾಕುವ ಅಂದೆ. ಜೂನ್ 1ರಿಂದ ಜುಲೈ 31ರ ತನಕ ಟ್ರಾಲ್ ಬೋಟುಗಳಿಗೆ 61 ದಿನ ರಜೆ ಅಲ್ವಾ, ಆಗ ಮಲ್ಪೆ ಬಂದರಿಗೆ ಹೋಗಿ ನೋಡಿ, ಮೈಗೆ ಮೈ ತಾಗಿಸಿ ನಿಂತ ಬೋಟುಗಳ ಮಧ್ಯೆ ಇರುದು ಟೈರೇ. ಅವಕ್ಕೆ ನಡೀತದೆ, ನಮ್ಮ ಬಿಳಿ ಫೈಬರ್ ಮೇಲೆ ಒಂದೇ ವಾರಕ್ಕೆ ಕಾಡಿಗೆ ಬಳಿದ ಹಾಗಾಯ್ತು. ಟೈರನ್ನು ಕಟ್ಟೆಗೇ ತೂಗಿಸುವ ಅಂದ್ರೆ ಇಳಿತದಲ್ಲಿ ದೋಣಿ ಕೆಳಗೆ, ಟೈರು ಮೇಲೆ.

ಆಗ ಬಲೆ ಹೊಲೀತಾ ಕೂತಿದ್ದ ಅಜ್ಜ ಒಬ್ರು ಹೇಳಿದ್ರು, ಹಿಂದೆಲ್ಲ ತೆಂಗಿನ ನಾರಿನ ಹಗ್ಗದ್ದೇ ದೊಡ್ಡ ಗಂಟು ಮಾಡಿ ಬಿಡ್ತಿದ್ದದ್ದು ಅಂತ. ನಾರಿಗೆ ನಮ್ಮಲ್ಲಿ ಬರವಾ? ತುಂಬಿಸ್ಲಿಕ್ಕೆ ಚೀಲ ಬೇಕಲ್ಲ, ಅಕ್ಕ ಪಾತ್ರೆಯವನಿಗೆ ಕೊಡ್ಲಿಕ್ಕೆ ಅಂತ ತೆಗೆದಿಟ್ಟಿದ್ದ ಬಟ್ಟೆಯಲ್ಲಿ ಒಂದು ಜೀನ್ಸ್ ಪ್ಯಾಂಟ್ ಸಿಕ್ಕಿತು. ಕತ್ತರಿಸುದು ಯಾಕೆ, ಒಂದು ಪ್ಯಾಂಟಿಗೆ ಎರಡು ಫೆಂಡರ್! ಕಾಲೆರಡಕ್ಕೂ ನಾರು ಜಡಿದು ತುಂಬಿ, ಬುಡ ಕಟ್ಟಿ, ಬೆಲ್ಟಿನ ಲೂಪಿಗೆ ಹಗ್ಗ ಹಾಕಿ, ಸೊಂಟ ದೋಣಿಯ ಟಾರ್ಪಾಲಿನ ಒಳಗೆ, ಕಾಲು ಹೊರಗೆ ಇಳಿಬಿಟ್ಟೆ. ನಿಜ ಹೇಳ್ತೇನೆ, ಅಷ್ಟು ಚಂದದ ಕೆಲಸ ನಾನು ಜೀವಮಾನದಲ್ಲಿ ಮಾಡಿಲ್ಲ.

ಮರುದಿನ ಬೆಳಿಗ್ಗೆ ಆರಕ್ಕೆ ಕಟ್ಟೆ ತುಂಬಾ ಜನ. ಟಾರ್ಪಾಲಿನಡಿಯಿಂದ ಎರಡು ಕಾಲು ನೀರಿಗೆ ಇಳಿಬಿದ್ದಿದೆ, ಅಲೆ ಬಂದಾಗ ಒಂದು ಕಾಲು ಮೆಲ್ಲ ಅಲ್ಲಾಡ್ತದೆ, ಬಲ ಮೊಣಕಾಲಲ್ಲಿ ಹರಿದ ಜಾಗದಿಂದ ಕಂದು ನಾರು ಕೂದಲ ಹಾಗೆ ಹೊರಗೆ ಬಂದಿದೆ. ಒಬ್ಬ ಗಳು ತಂದು ತಿವಿದು "ಗಟ್ಟಿಯಾಗಿದೆ" ಅಂದನಂತೆ. ಮೀನಿನ ಬುಟ್ಟಿ ಇಳಿಸಿ ನಿಂತಿದ್ದ ಹೆಂಗಸೊಬ್ರು "ಪಾದ ಎಲ್ಲಿ?" ಅಂತ ಕೇಳಿದ್ರಂತೆ, ಅಷ್ಟು ಜನರಲ್ಲಿ ಬುದ್ಧಿ ಇದ್ದದ್ದು ಅವರೊಬ್ರಿಗೆ. ಯಾರೋ ಭಾವನಿಗೆ ಫೋನ್ ಮಾಡಿ "ನಿಮ್ಮ ಭಾವ ಹೋದ್ರು ಅಂತ ಕಾಣ್ತದೆ" ಅಂದುಬಿಟ್ಟಿದ್ದಾರೆ. ಅವರು ಓಡಿಕೊಂಡು ಬಂದು, ಜನ ಸರಿಸಿ, ಹತ್ತಿರ ಹೋಗಿ ನೋಡಿದವರು ಅಳಲೂ ಇಲ್ಲ, ನಗಲೂ ಇಲ್ಲ, "ಇದು ನನ್ನ ಪ್ಯಾಂಟ್" ಅಂದ್ರು. ಎರಡು ತಿಂಗಳಿಂದ ಹುಡುಕ್ತಾ ಇದ್ರಂತೆ. ನಾನು ಬದುಕಿದ್ದೇನೆ ಅನ್ನುವ ಖುಷಿ ಒಂಚೂರೂ ಕಾಣ್ಲಿಲ್ಲ ಮುಖದಲ್ಲಿ, ಅದನ್ನು ಮಾತ್ರ ನಾನು ಮರೆಯುವವನಲ್ಲ.

ಈ ಫೆಂಡರ್ ವಿಷಯದಲ್ಲಿ ನನಗೊಂದು ಒಳ್ಳೇ ವಿಚಾರ ಹೊಳೆದಿತ್ತು, ಅದನ್ನು ಬರೀಲಿಕ್ಕೇ ಕೂತದ್ದು. ಅಷ್ಟರಲ್ಲಿ ಭಾವನ ಫೋನ್. ನೀರು ಇಳೀತಾ ಉಂಟು, ನಿನ್ನೆ ಉಬ್ಬರದಲ್ಲಿ ಕಟ್ಟುವಾಗ ಹಗ್ಗ ಸಡಿಲ ಬಿಟ್ಟಿದ್ರಲ್ಲ ಅಂತ ಕೇಳ್ತಿದ್ದಾರೆ.

ಬಿಟ್ಟಿರ್ಲಿಲ್ಲ.