ಲಿಯನ್ ಬಿತ್ತೆಂದು ಚೆಕ್ ಬರೆಯಬೇಡಿ, ಮೊದಲು ತಾರೀಖು ನೋಡಿ

ಕ್ಯಾಲಿಫೋರ್ನಿಯಾದಲ್ಲಿ ಮನೆ ರಿಮಾಡೆಲ್ ಮಾಡಿಸಿದವರಿಗೆ ಮೆಕ್ಯಾನಿಕ್ಸ್ ಲಿಯನ್ (ಕೆಲಸದ ಹಣ ಬಾಕಿಯಿದೆ ಎಂದು ಮನೆಯ ಮೇಲೆ ದಾಖಲಿಸುವ ಹಕ್ಕು) ಕಾಗದ ಬಂದರೆ ಕೈಕಾಲೇ ಆಡುವುದಿಲ್ಲ. ಮನೆ ಮಾರಾಟಕ್ಕಿಟ್ಟಿದ್ದರಂತೂ ಕೇಳಿದಷ್ಟು ಕೊಟ್ಟು ಕೈತೊಳೆದುಕೊಳ್ಳೋಣ ಅನ್ನಿಸುತ್ತದೆ. ನನ್ನ ಪ್ರಕಾರ ಅದು ಕಟ್ಟಕಡೆಗೆ ಯೋಚಿಸಬೇಕಾದ ದಾರಿ.

ಮೊದಲು ಕೌಂಟಿ ರೆಕಾರ್ಡರ್ (ಆಸ್ತಿ ದಾಖಲೆಗಳ ಕಚೇರಿ) ಲಿಯನ್ ದಾಖಲಿಸಿದ ತಾರೀಖು ನೋಡಿ. ಅಲ್ಲಿಂದ 90 ದಿನದೊಳಗೆ ಲಿಯನ್ ಹಾಕಿದವರು ದಾವೆ ಹೂಡದಿದ್ದರೆ, ಗಡುವು ಮುಂದೂಡಲು ನೀವೂ ಒಪ್ಪಿ ದಾಖಲಿಸಿರದಿದ್ದರೆ, ಆ ಲಿಯನ್ ಸತ್ತಂತೆ. ತೊಂದರೆ ಏನೆಂದರೆ ಸತ್ತ ಲಿಯನ್ ತಾನಾಗಿ ದಾಖಲೆಯಿಂದ ಅಳಿಸಿಹೋಗುವುದಿಲ್ಲ. ಮನೆಯ ಒಡೆತನದ ದಾಖಲೆ ಪರಿಶೀಲಿಸುವ ಟೈಟಲ್ ಕಂಪನಿ ಅದನ್ನೇ ಹಿಡಿದು ಕೂರುತ್ತದೆ. ಆಗ ಲಿಯನ್ ಹಾಕಿದವರಿಗೆ ರಿಲೀಸ್ (ಲಿಯನ್ ಬಿಟ್ಟುಕೊಡುವ ಪತ್ರ) ಕೊಡಿ ಎಂದು ಸರ್ಟಿಫೈಡ್ ಮೇಲ್‌ನಲ್ಲಿ ಲಿಖಿತ ನೋಟಿಸ್ ಕಳಿಸಿ. ಕನಿಷ್ಠ 10 ದಿನ ಕಾದು ಸುಪೀರಿಯರ್ ಕೋರ್ಟಿಗೆ ಅರ್ಜಿ ಹಾಕಿ. ಈ ನೋಟಿಸ್ ತಪ್ಪಿಸಿ ನೇರ ಕೋರ್ಟಿಗೆ ಹೋದರೆ ಅರ್ಜಿ ಅಲ್ಲೇ ಮುಗ್ಗರಿಸುತ್ತದೆ. ಗೆದ್ದವರಿಗೆ ಎದುರಿನವರು ವಕೀಲರ ಶುಲ್ಕ ಕೊಡಬೇಕು. ಅದನ್ನು ನೋಟಿಸಿನಲ್ಲೇ ನೆನಪಿಸಿ, ಎಷ್ಟೋ ಸಲ ಅಷ್ಟಕ್ಕೇ ರಿಲೀಸ್ ಬರುತ್ತದೆ.

90 ದಿನ ಇನ್ನೂ ಮುಗಿದಿಲ್ಲವೇ? ಲಿಯನ್‌ನಲ್ಲೇ ಹುಳುಕಿದೆಯೇ ಹುಡುಕಿ. ಸಬ್‌ಕಾಂಟ್ರಾಕ್ಟರ್ (ನಿಮ್ಮ ಕಾಂಟ್ರಾಕ್ಟರ್ ಕರೆತಂದ ಕೆಲಸದವರು) ಕೆಲಸ ಶುರುಮಾಡಿದ 20 ದಿನದೊಳಗೆ ಪ್ರಿಲಿಮಿನರಿ ನೋಟಿಸ್, ಅಂದರೆ ಮುಂದೆ ಲಿಯನ್ ಹಾಕಬಹುದೆಂಬ ಮುನ್ಸೂಚನೆ, ಕೊಡಬೇಕು. ತಡವಾಗಿ ಕೊಟ್ಟರೆ, ಕೊಟ್ಟ ದಿನಕ್ಕಿಂತ 20 ದಿನಕ್ಕೂ ಹಿಂದೆ ಮಾಡಿದ ಕೆಲಸಕ್ಕೆ ಲಿಯನ್ ಸಿಗದು. ಲಿಯನ್ ಪ್ರತಿಯನ್ನು ನಿಮಗೆ ನಿಯಮದಂತೆ ತಲುಪಿಸದಿದ್ದರೂ ಅದು ಊರ್ಜಿತವಾಗುವುದಿಲ್ಲ. ಕಾಂಟ್ರಾಕ್ಟರ್ಸ್ ಸ್ಟೇಟ್ ಲೈಸೆನ್ಸ್ ಬೋರ್ಡಿನ ಜಾಲತಾಣದಲ್ಲಿ ಲಿಯನ್ ಹಾಕಿದವರ ಲೈಸೆನ್ಸ್ ಕೆಲಸದುದ್ದಕ್ಕೂ ಚಾಲ್ತಿಯಲ್ಲಿತ್ತೇ ಎಂದೂ ನೋಡಿ. ಬಹಳ ಮಂದಿ ಬಿಟ್ಟುಬಿಡುವ ಹೆಜ್ಜೆ ಇದು.

ಎಸ್ಕ್ರೊ (ಹಣ, ಕಾಗದ ಮೂರನೆಯವರ ಕೈಯಲ್ಲಿದ್ದು ಮಾರಾಟ ಮುಗಿಯುವ ಹಂತ) ಕಾಯುವುದಿಲ್ಲ ಎಂದಾದರೆ ಲಿಯನ್ ರಿಲೀಸ್ ಬಾಂಡ್ ಇದೆ, ಅಂದರೆ ಲಿಯನ್ ಹಣಕ್ಕೆ ಶ್ಯೂರಿಟಿ ಕಂಪನಿ ಕೊಡುವ ಖಾತರಿ. ಮೊತ್ತ ಲಿಯನ್‌ನ 125 ಶೇಕಡಾ: 40,000 ಡಾಲರ್ ಲಿಯನ್‌ಗೆ 50,000 ಡಾಲರ್ ಬಾಂಡ್. ಅದು ದಾಖಲಾದೊಡನೆ ಲಿಯನ್ ಮನೆಯನ್ನು ಬಿಟ್ಟು ಬಾಂಡಿಗೆ ಅಂಟಿಕೊಳ್ಳುತ್ತದೆ. ಜಗಳ ಮುಗಿಯುವುದಿಲ್ಲ, ಮನೆ ಮಾತ್ರ ಬಿಡುಗಡೆ. ಶ್ಯೂರಿಟಿ ಕಂಪನಿ ಅಡಮಾನ ಕೇಳಬಹುದು, ಪ್ರೀಮಿಯಂ ಮರಳಿ ಬರುತ್ತದೆಂದು ನೆಚ್ಚಬೇಡಿ.

ಒಂದು ಮಾತು: ಲಿಯನ್ ಹೋಯಿತೆಂದರೆ ಸಾಲ ಹೋಯಿತೆಂದಲ್ಲ. ನೀವೇ ಒಪ್ಪಂದ ಮಾಡಿಕೊಂಡ ಕಾಂಟ್ರಾಕ್ಟರ್ ಬಾಕಿಗಾಗಿ ಬೇರೆ ದಾವೆ ಹಾಕಬಹುದು. ನ್ಯಾಯವಾದ ಬಾಕಿ ಇದ್ದರೆ ಮಾತಾಡಿ ತೀರಿಸಿ. ಆದರೆ ಚೆಕ್ ಕೈಬಿಡುವಾಗಲೇ ನೋಟರಿ ಆದ ರಿಲೀಸ್ ಪತ್ರ ಕೈಗೆ ಬರಬೇಕು. "ಆಮೇಲೆ ಕಳಿಸ್ತೀನಿ" ಅಂದರೆ ಒಪ್ಪಬೇಡಿ. ಆ ಪತ್ರವನ್ನಾಗಲಿ, ಕೋರ್ಟ್ ಆದೇಶದ ದೃಢೀಕೃತ ಪ್ರತಿಯನ್ನಾಗಲಿ ನೀವೇ ರೆಕಾರ್ಡರ್ ಕಚೇರಿಗೆ ಒಯ್ದು ದಾಖಲಿಸಿ, ದಾಖಲೆ ಸಂಖ್ಯೆಯನ್ನು ಟೈಟಲ್ ಆಫೀಸರ್‌ಗೆ ಕಳಿಸಿ.