ಡಿಕ್ಸನ್ ಮೇಷ್ಟ್ರ ಕುರ್ಚಿ

“ಅಪ್ಪ, ನಿಮ್ಮ ಹಾಗೇ ಹಿಸ್ಟರಿ ಮೇಷ್ಟ್ರ ಸೀರಿಯಲ್ಲು, ನೋಡ್ತಾ ಇರಿ” ಅಂತ ಮಗಳು ‘ರೂಮ್ 222’ ಹಚ್ಚಿಕೊಟ್ಟು ಆಫೀಸಿಗೆ ಹೋದಳು. ನೋಡಿದೆ. ಹೊಟ್ಟೆ ಉರಿಯಿತು.

ಈ ಪೀಟ್ ಡಿಕ್ಸನ್ ಉತ್ತರಪತ್ರಿಕೆ ತಿದ್ದುವುದು ಯಾವಾಗ? ಲಾಸ್ ಏಂಜಲೀಸಿನ ವಾಲ್ಟ್ ವಿಟ್‌ಮನ್ ಹೈಸ್ಕೂಲು. ಕಪ್ಪು, ಬಿಳಿ ಅನ್ನದೆ ಎಲ್ಲ ಮಕ್ಕಳೂ ಒಂದೇ ಕೋಣೆಯಲ್ಲಿ. ಒಬ್ಬೊಬ್ಬರಿಗೂ ಒಂದೊಂದು ತಾಪತ್ರಯ. ಅರ್ಧ ಗಂಟೆಯಲ್ಲಿ, ಅದೂ ಜಾಹೀರಾತು ಕಳೆದು, ಪುಣ್ಯಾತ್ಮ ಬಗೆಹರಿಸಿಬಿಡುತ್ತಾನೆ. ಕೋಟಿನ ಮೇಲೆ ಸೀಮೆಸುಣ್ಣದ ಪುಡಿ ಕೂಡ ಕಾಣಲಿಲ್ಲ. 1969ರಲ್ಲೇ ಕಪ್ಪು ಜನಾಂಗದ ಮೇಷ್ಟ್ರನ್ನು ನಾಯಕನಾಗಿ ನಿಲ್ಲಿಸಿದ್ದು ಸಣ್ಣ ಮಾತಲ್ಲ, ಒಪ್ಪಿದೆ. ಮರುವರ್ಷ ಹೊಸ ಸರಣಿಗೆ ಕೊಡುವ ಎಮ್ಮಿ ಟಿ.ವಿ. ಪ್ರಶಸ್ತಿಯೂ ಬಂತಂತೆ. ಬರಲಿ. ನನಗೆ ಮಾತ್ರ ಪ್ರಿನ್ಸಿಪಾಲ್ ಕಾಫ್‌ಮನ್ನೇ ನಮ್ಮವನು ಅನ್ನಿಸಿದ.

ಡಿಕ್ಸನ್ ಕೂತಾಗ ಕುರ್ಚಿ ಅಲುಗಲೂ ಇಲ್ಲ. ನನ್ನ ಕುರ್ಚಿಗೆ ಒಂದು ಕಾಲು ಮೋಟು. ಹೆಡ್‌ಮಾಸ್ಟರಿಗೆ ಮೂರು ಸಲ ಹೇಳಿದೆ. “ಅಡ್ಜಸ್ಟ್ ಮಾಡ್ಕೊಳ್ಳಿ ಮೇಷ್ಟ್ರೇ” ಅಂದರು. ಒಂದು ದಿನ ರೇಗಿ, ಮೇಜಿನ ಮೇಲೆ ಕೈಗೆ ಸಿಕ್ಕ ಕಾಗದವನ್ನು ಎಂಟು ಮಡಿಕೆ ಮಾಡಿ ಕಾಲಿನ ಕೆಳಗೆ ತುರುಕಿದೆ. ಕುರ್ಚಿ ನೆಟ್ಟಗಾಯಿತು.

ಆ ವಾರ ಒಂಬತ್ತನೇ ಬಿ ಕಿರುಪರೀಕ್ಷೆಯ ಕಟ್ಟಿನಲ್ಲಿ ಒಬ್ಬ ಹುಡುಗನ ಪತ್ರಿಕೆ ಕಾಣೆ. ಮನೆಯೆಲ್ಲ ಹುಡುಕಿದೆ. ಹೆಂಡತಿಯ ಮೇಲೂ ರೇಗಾಡಿದೆ. ಕೊನೆಗೆ, ಮಾತು ಕಮ್ಮಿ, ಹಿಂದಿನ ಬೆಂಚು, ಇಷ್ಟಿರಬಹುದು ಅಂತ 25ಕ್ಕೆ 11 ಹಾಕಿದೆ. ಹುಡುಗ ತುಟಿ ಬಿಚ್ಚಲಿಲ್ಲ.

ಬೇಸಿಗೆ ರಜೆಗೆ ಮುಂಚೆ ಜವಾನ ಕುರ್ಚಿ ಎತ್ತಿದ. ಮಡಿಕೆ ಬಿಚ್ಚಿದೆ. ಪಾಣಿಪತ್ ಕದನದ ಕಾರಣಗಳು, ದುಂಡು ಅಕ್ಷರ, ಕೆಂಪು ಶಾಯಿಯಲ್ಲಿ ಗೆರೆ ಎಳೆದ ತಲೆಬರಹ. ಅಲ್ಲೇ ನಿಂತು ತಿದ್ದಿದೆ. 20. ಕೈ ಬಿಗಿ ಹಿಡಿದರೂ 20.

ಹುಡುಗ ಅಷ್ಟರಲ್ಲಿ ಟಿ.ಸಿ. ತಗೊಂಡು ಹೋಗಿಯಾಗಿತ್ತು. ಯಾವೂರಿಗೋ. ಕುರ್ಚಿಯ ಎದುರಿಗೇ ಕೂರುತ್ತಿರಲಿಲ್ಲವಾದರೂ ಹಿಂದಿನ ಬೆಂಚಿನಿಂದ ಆ ಮೋಟು ಕಾಲು ಚೆನ್ನಾಗಿಯೇ ಕಾಣುತ್ತಿತ್ತು.

ಸಂಜೆ ಮಗಳು ಬಂದು, “ಹೇಗಿತ್ತಪ್ಪ?” ಅಂದಳು.

“ಮಧ್ಯದಲ್ಲೇ ನಿಲ್ಲಿಸಿದೀನಿ. ಸ್ವಲ್ಪ ಹಿಂದಕ್ಕೆ ಓಡಿಸು. ಆ ಡಿಕ್ಸನ್ ಕುರ್ಚಿ ಕಾಲು ಇನ್ನೊಂದ್ಸಲ ನೋಡಬೇಕು.”