ಕಣಜಕ್ಕೆ ಬಾಗಿಲಿಲ್ಲ

ವಾಟರ್ಲೂ ಕದನದ ನಟ್ಟನಡುವೆ ಸಿಕ್ಕಿಕೊಂಡ ತೋಟದಮನೆಯೊಂದನ್ನು ತೀರ್ಥಹಳ್ಳಿಯ ನಮ್ಮ ಊಟದ ಮೇಜಿನ ಮೇಲೆ ಕಟ್ಟಲು ಹೊರಟಿದ್ದೆ. ಲಾ ಹೇ ಸಾಂತ್ ಎಂದು ಅದರ ಹೆಸರು. ಬೆಲ್ಜಿಯಂನಲ್ಲಿ ಈಗಲೂ ನಿಂತಿದೆ. 28 ಮಿಲಿಮೀಟರ್ ಎತ್ತರದ ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿ, ದಾಳ ಉರುಳಿಸಿ ಯುದ್ಧವಾಡುವ ಹುಚ್ಚು ನನ್ನದು. ದುಡ್ಡೆಲ್ಲ ಸಿಪಾಯಿಗಳ ಪಾಲಾದ್ದರಿಂದ ಕಟ್ಟಡಕ್ಕೆ ಕಾಗದವೇ ಗತಿ. ಗೋಡೆ, ಹೆಂಚು, ಕಿಟಕಿಗಳು ಅಚ್ಚಾದ ಹಾಳೆಯನ್ನು ಕತ್ತರಿಸಿ, ಮಡಚಿ, ಅಂಟಿಸಿದರೆ ಆಯಿತು. ಆ ‘ಆಯಿತು’ ಎಂಬುದನ್ನು ನಂಬಿ ಕೆಟ್ಟೆ.

ಪೇಟೆಯ ಜೆರಾಕ್ಸ್ ಅಂಗಡಿಯ ಹುಡುಗ ನನ್ನ ಮೇಲಿನ ಕನಿಕರದಿಂದ ಒಂದು ಹಾಳೆಗೆ ಎರಡು ಪುಟ ಹಾಕಿಕೊಟ್ಟಿದ್ದ. ‘ಅರ್ಧ ಖರ್ಚು ಉಳಿಯಿತಲ್ಲ ಸಾರ್!’ 35 ಮಿಲಿಮೀಟರಿನ ಬಾಗಿಲು 25ಕ್ಕೆ ಇಳಿದಿತ್ತು. ಮನೆಯನ್ನು ಕಾಯಬೇಕಾದ ಸಿಪಾಯಿ ಅದರೊಳಗೆ ಹೋಗಬೇಕೆಂದರೆ ಮೊದಲು ಸಾಷ್ಟಾಂಗ ನಮಸ್ಕಾರ ಮಾಡಬೇಕಿತ್ತು.

ಎರಡನೆಯ ಸಲ ಹುಡುಗನ ಬೆನ್ನಿಗೇ ನಿಂತು, ನೂರಕ್ಕೆ ನೂರು ಅಳತೆಯಲ್ಲಿ, 200 ಜಿಎಸ್‌ಎಂ ಹಾಳೆಯ ಮೇಲೆ ಹಾಕಿಸಿದೆ. ದಪ್ಪ ಹಾಳೆಯನ್ನು ಸುಮ್ಮನೆ ಮಡಚಿದರೆ ಬಿರಿದು ಬಿಳಿಗೆರೆ ಮೂಡುತ್ತದೆ. ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಮೊದಲೇ ಗೀರಿಕೊಳ್ಳಬೇಕು, ಕತ್ತರಿಸಿದ ಅಂಚಿಗೆ ಸ್ಕೆಚ್ ಪೆನ್ ಬಳಿಯಬೇಕು. ಮೂರು ಗೋಡೆಗಳನ್ನು ಬಲಿ ಕೊಟ್ಟ ಮೇಲೆ ಬಂದ ಜ್ಞಾನವಿದು. ಅಂಟಿನ ತೇವಕ್ಕೆ ಹೆಂಚಿನ ಕೆಂಪು ನನ್ನ ಹೆಬ್ಬೆರಳಿಗೆ ಹತ್ತಿತು, ಹೆಬ್ಬೆರಳಿನಿಂದ ಬಿಳಿಯ ಗೋಡೆಗೆ ದಾಟಿತು. ಯುದ್ಧ ಶುರುವಾಗುವ ಮೊದಲೇ ರಕ್ತಪಾತ. ಸಾಲದ್ದಕ್ಕೆ ಆಷಾಢದ ಮಳೆ. ರಾತ್ರಿ ನೆಟ್ಟಗಿದ್ದ ಗೋಡೆ ಬೆಳಗ್ಗೆ ಕರಿದ ಹಪ್ಪಳದಂತೆ ಸುರುಳಿ ಸುತ್ತಿಕೊಂಡಿರುತ್ತಿತ್ತು.

‘ಆಕಾಶಬುಟ್ಟಿ ಈಗಲೇ ಯಾಕೋ? ದೀಪಾವಳಿಗೆ ಇನ್ನೂ ಮೂರು ತಿಂಗಳಿದೆ’ ಎಂದರು ಅಮ್ಮ. ವಾಟರ್ಲೂ ಎಂದು ವಿವರಿಸಿದೆ. ‘ಆಗಲಿ, ಊಟದ ಹೊತ್ತಿಗೆ ಮೇಜು ಖಾಲಿ ಮಾಡು’ ಎಂದು ಒಳಗೆ ಹೋದರು. ನೆಪೋಲಿಯನ್ನನಿಗೂ ಇಷ್ಟು ನಿಖರವಾದ ಗಡುವು ಯಾರೂ ಕೊಟ್ಟಿರಲಾರರು.

ಕೊನೆಗೂ ಮನೆ ನಿಂತಿತು. ಆಡಲೆಂದು ಶಿವಮೊಗ್ಗದಿಂದ ಗೆಳೆಯ ಬಂದ. ಇತಿಹಾಸದಲ್ಲಿ ಕೂದಲು ಸೀಳುವವನು. ಸಿಪಾಯಿಯ ಕೋಟಿನ ಗುಂಡಿಯನ್ನೂ ಎಣಿಸುತ್ತಾನೆ. ಅವನು ಕೈಕಾಲು ತೊಳೆದು ಬರುವಷ್ಟರಲ್ಲಿ ನೋಡುತ್ತೇನೆ, ಕಣಜದ ದೊಡ್ಡ ಬಾಗಿಲೇ ಇಲ್ಲ! ಬೇರೆಯಾಗಿ ಕತ್ತರಿಸಿ ಕಿಟಕಿಯ ಬಳಿ ಒಣಗಲು ಇಟ್ಟಿದ್ದೆ. ಮೇಜಿನ ಕೆಳಗೆ ತೆವಳಿ ಹುಡುಕುತ್ತಿದ್ದಾಗ ಮೇಲಿನಿಂದ ಅವನ ಉದ್ಗಾರ ಕೇಳಿತು: ‘ಭೇಷ್! ಕಣಜಕ್ಕೆ ಬಾಗಿಲು ಇಟ್ಟಿಲ್ಲ!’

1815ರ ಜೂನ್ 17ರ ರಾತ್ರಿ ಅಲ್ಲಿ ಜಡಿಮಳೆಯಂತೆ. ಚಳಿಗೆ ನಡುಗುತ್ತಿದ್ದ ಸಿಪಾಯಿಗಳು ಕಣಜದ ಬಾಗಿಲನ್ನೇ ಕಿತ್ತು ಉರಿಸಿದರಂತೆ. ಮರುದಿನ ಫ್ರೆಂಚರು ನುಗ್ಗಿ ಬಂದಾಗ ಆ ಬಾಯಿಗೆ ಬಾಗಿಲಿರಲಿಲ್ಲ. ‘ಇಷ್ಟು ಸೂಕ್ಷ್ಮ ಯಾರಿಗೆ ಹೊಳೆಯುತ್ತದೆ ಮಾರಾಯ!’ ಎಂದು ಅವನು ಬೆನ್ನು ತಟ್ಟಿದ. ನಾನು ಮೊಣಕಾಲಿನ ಧೂಳು ಕೊಡವಿಕೊಂಡು, ಓದಿಕೊಂಡವನ ಗಾಂಭೀರ್ಯದಿಂದ ತಲೆಯಾಡಿಸಿದೆ.

ಅಷ್ಟರಲ್ಲಿ ಒಳಗಿನಿಂದ ಅಮ್ಮನ ದನಿ: ‘ಕಿಟಕಿಯ ಹತ್ತಿರದ ರಟ್ಟಿನ ಚೂರು ಹುಡುಕುತ್ತಿದ್ದೀಯೇನೋ? ಸೌದೆಯೆಲ್ಲ ಒದ್ದೆ, ಹತ್ತಲೇ ಇಲ್ಲ. ನಿನ್ನೆ ರಾತ್ರಿ ಎಲ್ಲವನ್ನೂ ಬಾಚಿ ಬಚ್ಚಲ ಒಲೆಗೆ ಹಾಕಿದೆ.’